ಹತ್ತು ನಿಮಿಷದ ಪರದೇಶ

ದಾವಣಗೆರೆ,
೮ ಜುಲೈ ೧೯೬೩

ಹರಿಹರದ ಮರುಳಸಿದ್ದಮ್ಮನವರ ಮಗ ಕರಿಬಸವರಾಜ ಅವರಿಗೆ ಹತ್ತಿ ವ್ಯಾಪಾರಿ ಬಕ್ಕೇಶಪ್ಪ ಬರೆಯುವುದು.

ಮೇ ತಿಂಗಳಲ್ಲಿ ನೀವು ರಜೆಗೆ ಬಂದಾಗ ನಮ್ಮ ಮನೆಗೆ ಬಂದು ನನ್ನ ಮಗಳು ಶಾಂತಕುಮಾರಿಯನ್ನು ನೋಡಿ ಹೋದಿರಿ. ಆಮೇಲೆ ನಿಮ್ಮ ತಾಯಿಯವರು ಎರಡು ಸಲ ಹೇಳಿ ಕಳಿಸಿದರು. ಯೋಚಿಸಿ ತಿಳಿಸುತ್ತೇನೆ ಎಂದೆ. ಇನ್ನೂ ಯೋಚಿಸುತ್ತಲೇ ಇದ್ದೇನೆ. ನಿಮ್ಮ ಮನೆತನದ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ಊರಿನ ಬಗ್ಗೆ. ಹರಿಹರಕ್ಕೆ ಮಗಳನ್ನು ಕೊಟ್ಟರೆ ಬೆಳಿಗ್ಗೆ ಬಸ್ಸು ಹತ್ತಿ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ನೀವಿರುವುದು ನೇಪಾಳದಲ್ಲಿ. ಅದು ಬೇರೆ ದೇಶ, ಬೇರೆ ರಾಜ. ಉತ್ತರದಲ್ಲಿ ಚೀನಾದವರು ರಸ್ತೆ ಹಾಕುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ. ಮಗಳನ್ನು ನೋಡಬೇಕೆನಿಸಿದರೆ ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾದ ಊರಿಗೆ ಕೊಡುವುದು ಹೇಗೆ?

ಇದು ನಮ್ಮ ಮಾತಾಯಿತು. ಈ ಪತ್ರ ಬರೆದ ಕಾರಣ ಬೇರೆ. ಶಾಮನೂರಿನ ನಮ್ಮ ಸ್ನೇಹಿತ ಕೆಂಚವೀರಪ್ಪನವರು ದೀಪಾವಳಿ ಮುಗಿಸಿ ಕಾಶಿಗೆ ಹೊರಟಿದ್ದಾರೆ. ಅಲ್ಲಿಂದ ಪಶುಪತಿನಾಥನನ್ನೂ ನೋಡಿ ಬರುವ ಆಸೆ. ಪಾಸ್‌ಪೋರ್ಟ್ ಬೇಕೇ, ವೀಸಾ ಬೇಕೇ, ದಾರಿ ಯಾವುದು, ಗಡಿಯಲ್ಲಿ ಏನು ಕೇಳುತ್ತಾರೆ, ನಮ್ಮಂಥವರಿಗೆ ಊಟ ಸಿಗುತ್ತದೆಯೇ, ಎಲ್ಲ ವಿವರವಾಗಿ ತಿಳಿಸಿ. ಅವರು ಬಹಳ ಅನುಮಾನದ ಮನುಷ್ಯ. ಒಂದನ್ನೂ ಬಿಡಬೇಡಿ.

ಬಕ್ಕೇಶಪ್ಪ

*

ಕಠ್ಮಂಡು,
೨೦ ಜುಲೈ ೧೯೬೩

ಪೂಜ್ಯ ಬಕ್ಕೇಶಪ್ಪನವರಿಗೆ ಕರಿಬಸವರಾಜನ ಶರಣಾರ್ಥಿ.

ನಿಮ್ಮ ಪತ್ರ ನಿನ್ನೆ ಕೈಸೇರಿತು. ಕೆಂಚವೀರಪ್ಪನವರಿಗೆ ದಯವಿಟ್ಟು ಈ ಕೆಳಗಿನದನ್ನು ಓದಿ ಹೇಳಿ.

ಭಾರತದವರಿಗೆ ನೇಪಾಳಕ್ಕೆ ಬರಲು ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಹದಿಮೂರು ವರ್ಷಗಳ ಹಿಂದೆ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಗಿದೆ. ಆದರೆ ಏನೂ ಬೇಡ ಎಂದರೆ ಕೈಬೀಸಿಕೊಂಡು ಬರಬಹುದು ಎಂದಲ್ಲ. ಸಿಡುಬಿಗೆ ದೇವಿ ಚುಚ್ಚಿಸಿಕೊಂಡದ್ದಕ್ಕೂ ಕಾಲರಾ ಸೂಜಿಗೂ ಆಸ್ಪತ್ರೆಯ ಮೊಹರಿರುವ ಚೀಟಿ ಬೇಕು. ಇಲ್ಲದಿದ್ದರೆ ಗಡಿಯಲ್ಲೇ ಚುಚ್ಚುತ್ತಾರೆ, ಆ ದಿನದ ಬಸ್ಸು ತಪ್ಪುತ್ತದೆ. ಇಂಥ ಊರಿನ ಇಂಥವರು ಎಂದು ಪುರಸಭೆಯಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಸಿಟ್ಟುಕೊಂಡರೆ ಒಳ್ಳೆಯದು. ಯಾರೂ ಕೇಳದಿರಬಹುದು. ಕೇಳಿದಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಪುಣೆ ಗಾಡಿ ಹಿಡಿದು, ಅಲ್ಲಿಂದ ಮುಂದೆ ಕಾಶಿಗೆ ಬರಬೇಕು. ಕಾಶಿಯ ಜಂಗಮವಾಡಿ ಮಠದಲ್ಲಿ ಇಳಿದುಕೊಂಡು ಎರಡು ದಿನ ಬೆನ್ನು ನೆಟ್ಟಗೆ ಮಾಡಿಕೊಳ್ಳಲಿ. ಆಮೇಲೆ ಛಪ್ರಾ, ಮುಜಫ್ಫರ್‌ಪುರದ ದಾರಿಯಲ್ಲಿ ರಕ್ಸೌಲ್. ಅದು ನಮ್ಮ ಕಡೆಯ ಕೊನೆಯ ಊರು. ಅಲ್ಲಿಂದ ನೇಪಾಳದ ಸಣ್ಣ ರೈಲು ಅಮ್ಲೇಖಗಂಜಿನವರೆಗೆ ಬರುತ್ತದೆ. ಎಷ್ಟು ನಿಧಾನವೆಂದರೆ ಜನ ಇಳಿದು ಬಾಳೆಹಣ್ಣು ಕೊಂಡು ಮತ್ತೆ ಹತ್ತುತ್ತಾರೆ. ಮುಂದೆ ಬಸ್ಸಿನಲ್ಲಿ ಇಡೀ ದಿನ ಬೆಟ್ಟದ ದಾರಿ. ಮುಂದಿನ ಸೀಟು ಹಿಡಿಯಲಿ. ಹೊಟ್ಟೆ ಅರ್ಧ ಖಾಲಿ ಇರಲಿ, ಕೈಯಲ್ಲಿ ನಿಂಬೆಹಣ್ಣಿರಲಿ.

ಶಿವರಾತ್ರಿಯಲ್ಲಿ ಬರಬೇಕೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಗ ಚಳಿಯೂ ಜನವೂ ವಿಪರೀತ. ದೀಪಾವಳಿಯ ನಂತರವೇ ಸರಿ, ಆಕಾಶ ತಿಳಿಯಾಗಿ ಹಿಮದ ಬೆಟ್ಟ ಕಾಣುತ್ತದೆ. ಆದರೂ ಉಣ್ಣೆಯ ಕೋಟು ಬೇಕು. ಇಲ್ಲಿ ಸಾಸಿವೆ ಎಣ್ಣೆಯ ಅಡುಗೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿದ್ದರೆ ಮನುಷ್ಯ ಬದುಕುತ್ತಾನೆ. ನಮ್ಮ ರೂಪಾಯಿ ನಡೆಯುತ್ತದೆ, ಆದರೆ ಸಣ್ಣ ನೋಟುಗಳಿರಲಿ. ಪಶುಪತಿಯ ಗುಡಿಯೊಳಗೆ ಚರ್ಮದ ಯಾವ ವಸ್ತುವೂ ಹೋಗುವಂತಿಲ್ಲ, ಸೊಂಟದ ಪಟ್ಟಿಯೂ ಸೇರಿ. ಅಲ್ಲಿನ ಅರ್ಚಕರು ನಮ್ಮ ದಕ್ಷಿಣದಿಂದ ಬಂದವರು.

ಗಡಿ ದಾಟಿದ ಮೇಲೆ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಬೇಕು. ಇಲ್ಲಿನ ಹೊತ್ತಿಗೂ ನಮ್ಮ ಹೊತ್ತಿಗೂ ಅಷ್ಟೇ ವ್ಯತ್ಯಾಸ.

ಕೊನೆಯದಾಗಿ ಒಂದು ಮುಖ್ಯ ಮಾತು. ಕೆಂಚವೀರಪ್ಪನವರು ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸುವವರಾದರೆ, ಕರಡಿಗೆಯನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ನಿಮ್ಮ ವಿಧೇಯ,
ಕರಿಬಸವರಾಜ

*

ದಾವಣಗೆರೆ,
೩ ಆಗಸ್ಟ್ ೧೯೬೩

ಕರಿಬಸವರಾಜ ಅವರಿಗೆ,

ನಿಮ್ಮ ಪತ್ರವನ್ನು ಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ಹತ್ತು ನಿಮಿಷದ ಮಾತು ಬಂದಾಗ ನನ್ನ ಮನೆಯವರು ದ್ರಾಕ್ಷಾಯಣಮ್ಮ ಒಳಗಿನಿಂದಲೇ, “ಹತ್ತು ನಿಮಿಷದ ಪರದೇಶಕ್ಕ ಎರಡು ತಿಂಗಳು ಯೋಚ್ನೆ ಮಾಡ್ತೀರಲ್ರೀ, ಗಡಿಯಾರ ತಿರುವಿದ್ರ ಆತಲ್ಲ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಗಳಿಗೆಯಲ್ಲಿ ನಿಮ್ಮ ತಾಯಿಯವರು ಬಾಗಿಲಲ್ಲಿ ನಿಂತಿದ್ದರೆ ನಾನು ಒಪ್ಪಿಬಿಡುತ್ತಿದ್ದೆನೋ ಏನೋ.

ಆಮೇಲೆ ನಿಮ್ಮ ಕೊನೆಯ ಮಾತಿಗೆ ಬಂದೆ. ಮನೆಯಲ್ಲಿ ನಗು ನಿಂತುಹೋಯಿತು.

ನನಗೆ ಐವತ್ತಾರು ವರ್ಷ. ನನ್ನ ಕರಡಿಗೆ ನನ್ನ ತಂದೆ ಮಾಡಿಸಿ ಕೊಟ್ಟದ್ದು. ಮೈಮೇಲಿನಿಂದ ಅದನ್ನು ತೆಗೆದಿಟ್ಟು ಯಾವ ಊರಿಗೂ ನಾನು ಹೋಗಿಲ್ಲ. ಮುಂಬಯಿಗೆ ಹೋದಾಗಲೂ ಇಲ್ಲ. ಪರದೇಶ ಸೇರಿದ ಹುಡುಗರು ಮೊದಲು ಊಟ ಬದಲಾಯಿಸುತ್ತಾರೆ, ಆಮೇಲೆ ಉಡುಗೆ, ಆಮೇಲೆ ಇದು ಎಂದು ಹಿರಿಯರು ಹೇಳುತ್ತಿದ್ದರು. ನೀವು ವರ್ಷದೊಳಗೆ ಇದಕ್ಕೇ ಬಂದಿರಿ. ಬಿಟ್ಟವರಿಗೆ ಬಿಡುವುದು ಹಗುರ, ಇನ್ನೊಬ್ಬರಿಗೆ ಬಿಡಿ ಎಂದು ಹೇಳುವುದು ಇನ್ನೂ ಹಗುರ.

ಮದುವೆಯ ಮಾತು ಇಲ್ಲಿಗೆ ನಿಲ್ಲಲಿ. ನಿಮ್ಮ ತಾಯಿಯವರಿಗೆ ಕಾರಣ ಹೇಳಿಲ್ಲ, ಹೇಳುವುದೂ ಇಲ್ಲ. ಉಳಿದ ವಿವರಗಳಿಗೆ ಕೆಂಚವೀರಪ್ಪನವರ ಪರವಾಗಿ ವಂದನೆ.

ಬಕ್ಕೇಶಪ್ಪ

*

ಕಠ್ಮಂಡು,
೧೬ ಆಗಸ್ಟ್ ೧೯೬೩

ಪೂಜ್ಯರಿಗೆ ಶರಣಾರ್ಥಿ.

ನಾನು ಬಿಡಿ ಎಂದದ್ದು ಕರಡಿಗೆಯನ್ನು, ಲಿಂಗವನ್ನಲ್ಲ. ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ ಧರಿಸಿ ಬರಲಿ ಎಂಬುದನ್ನು ಬರೆಯಬೇಕಿತ್ತು. ನಮ್ಮವರಿಗೆ ಅದನ್ನು ಹೇಳಬೇಕಾಗಿಲ್ಲ ಎಂದುಕೊಂಡೆ. ಆ ಒಂದು ಸಾಲು ಬರೆಯದೆ ಬಿಟ್ಟಿದ್ದರಿಂದ ಇಷ್ಟಾಯಿತು.

ಕಾರಣವನ್ನೂ ಬರೆಯಲಿಲ್ಲ. ಈಗ ಬರೆಯುತ್ತೇನೆ. ನನ್ನ ತಾಯಿಗೆ ತಿಳಿಯದಿರಲಿ.

ಈ ವರ್ಷ ಚಿನ್ನದ ನಿಯಂತ್ರಣ ಬಂದ ಮೇಲೆ ಗಡಿಯ ದಾರಿಯಲ್ಲಿ ಬೆಳ್ಳಿ ಬಂಗಾರ ಕಂಡರೆ ತಡೆಯುತ್ತಾರೆ. ಜೂನ್‌ನಲ್ಲಿ ರಜೆ ಮುಗಿಸಿ ಬರುವಾಗ ಒಂದು ತಪಾಸಣೆಯ ಕಟ್ಟೆಯಲ್ಲಿ ನನ್ನ ಕೊರಳಿನ ಕರಡಿಗೆ ಅವರ ಕಣ್ಣಿಗೆ ಬಿತ್ತು. ಒಳಗೇನಿದೆ ಎಂದು ಕೇಳಿದರು. ನನ್ನ ಹಿಂದಿ ಸಾಲಲಿಲ್ಲ. ನಾನು ಹೇಳಿ ಮುಗಿಸುವ ಮೊದಲೇ ಒಬ್ಬ ಕಾವಲಿನವನು ಬಿಚ್ಚಿ, ಲಿಂಗವನ್ನು ತೆಗೆದು ಮೇಜಿನ ಮೇಲೆ ಇಟ್ಟ. ಪಕ್ಕದಲ್ಲಿ ಅವನ ಎಲೆಯಡಿಕೆ ಡಬ್ಬಿ ಇತ್ತು. ಅವನು ಕೆಟ್ಟವನಲ್ಲ. ಅದು ಏನೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಇಲ್ಲಿ ಹತ್ತಿರದ ಭಾತ್‌ಗಾಂವ್‌ನಲ್ಲಿ ನಮ್ಮದೊಂದು ಜಂಗಮ ಮಠವಿದೆ. ಅಲ್ಲಿಯ ಹಿರಿಯರು ಶುದ್ಧಿ ಮಾಡಿ ಮತ್ತೆ ನನ್ನ ಅಂಗೈಯಲ್ಲಿಡುವವರೆಗೆ ನಾನು ಊಟ ಮಾಡಲಿಲ್ಲ. ಅಂದಿನಿಂದ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೇನೆ.

ನನಗಾದದ್ದು ಕೆಂಚವೀರಪ್ಪನವರಿಗೆ ಆಗಬಾರದೆಂದು ಬರೆದೆ. ಮದುವೆಯ ಬಗ್ಗೆ ನಿಮ್ಮ ತೀರ್ಮಾನಕ್ಕೆ ನಾನು ಎದುರಾಡುವುದಿಲ್ಲ. ಆದರೆ ತಪ್ಪು ಕಾರಣಕ್ಕೆ ಅದು ಆಗಬಾರದು.

ಕರಿಬಸವರಾಜ

*

ಕಠ್ಮಂಡು,
೨೯ ಸೆಪ್ಟೆಂಬರ್ ೧೯೬೩

ಪೂಜ್ಯರಿಗೆ ಶರಣಾರ್ಥಿ.

ನನ್ನ ಹಿಂದಿನ ಪತ್ರಕ್ಕೆ ಉತ್ತರ ಬಂದಿಲ್ಲ. ಮಳೆಯಲ್ಲಿ ಬೆಟ್ಟದ ರಸ್ತೆ ಕುಸಿದು ಟಪಾಲು ತಡವಾಗುವುದುಂಟು. ಹಾಗೇ ಆಗಿದೆ ಎಂದು ತಿಳಿದುಕೊಳ್ಳುತ್ತೇನೆ.

ನನ್ನ ಕೆಲಸದ ಒಂದು ವಿಷಯ ನಿಮಗೆ ತಿಳಿಸಬೇಕು. ಭಾರತದ ನೆರವಿನಿಂದ ಇಲ್ಲಿ ನಡೆಯುತ್ತಿರುವ ನೀರು ಸರಬರಾಜಿನ ಕೆಲಸದಲ್ಲಿ ಪಂಪುಗಳು ನನ್ನ ಜವಾಬ್ದಾರಿ. ಇನ್ನೂ ಎರಡು ವರ್ಷ ಇರಬೇಕಾಗುತ್ತದೆ. ಕುಟುಂಬ ಇರುವವರಿಗೆ ಅಡುಗೆಮನೆ ಇರುವ ಪ್ರತ್ಯೇಕ ವಸತಿ ಕೊಡುತ್ತಾರೆ. ಬೇಕೋ ಬೇಡವೋ ಎಂದು ಡಿಸೆಂಬರ್ ಕೊನೆಯೊಳಗೆ ಬರೆದುಕೊಡಬೇಕು. ನಿಮ್ಮಿಂದ ಮಾತು ಬಾರದಿದ್ದರೆ ಬೇಡ ಎಂದು ಬರೆಯುತ್ತೇನೆ. ಬೇರೆ ಕಡೆ ಹೆಣ್ಣು ನೋಡುವ ಮನಸ್ಸು ನನಗಿಲ್ಲ. ಇದನ್ನು ಒತ್ತಾಯವೆಂದು ತಿಳಿಯಬೇಡಿ.

ನೀವು ಹರಿಹರದ ನಮ್ಮ ಮನೆಗೆ ಬಂದು ನನ್ನ ಹಳೆಯ ಉಣ್ಣೆ ಕೋಟು ಕೇಳಿ ತೆಗೆದುಕೊಂಡು ಹೋದಿರೆಂದು ತಾಯಿ ಬರೆಸಿದ್ದಾರೆ. ಮದುವೆ ಮಾತು ನಿಲ್ಲಿಸಿದವರು ಕೋಟು ಯಾಕೆ ಒಯ್ದರು ಎಂದು ಅವರಿಗೆ ಆಶ್ಚರ್ಯ. ಕೆಂಚವೀರಪ್ಪನವರಿಗೆ ಎಂದು ನಾನು ಬಲ್ಲೆ. ಆ ಕೋಟಿನ ಎಡಗಡೆ ಜೇಬು ತೂತಾಗಿದೆ, ಅದರಲ್ಲಿ ಏನೂ ಇಡದಿರಲಿ. ಅವರ ಮೈಕಟ್ಟು ನನಗೆ ಗೊತ್ತಿಲ್ಲ. ನಿಮ್ಮಷ್ಟೇ ಎತ್ತರದವರಾದರೆ ಸರಿಹೊಂದುತ್ತದೆ.

ಕರಿಬಸವರಾಜ

*

(ಅಂಚೆ ಕಾರ್ಡು)
ರಕ್ಸೌಲ್,
೨೪ ಅಕ್ಟೋಬರ್ ೧೯೬೩

ಕೋಟು ಸರಿಹೊಂದಿದೆ. ನಾಳೆ ಸಣ್ಣ ರೈಲು ಹತ್ತುತ್ತೇನೆ. ನಿಲ್ದಾಣಕ್ಕೆ ಬರುವುದು ಬೇಡ, ಕೆಲಸ ಬಿಡಬೇಡಿ.

ಬಕ್ಕೇಶಪ್ಪ

*

ಕಠ್ಮಂಡು,
೫ ನವೆಂಬರ್ ೧೯೬೩

ಪೂಜ್ಯರಿಗೆ ಶರಣಾರ್ಥಿ.

ರಕ್ಸೌಲಿನಿಂದ ನೀವು ಹಾಕಿದ ಕಾರ್ಡು ಇವತ್ತು ಬಂತು. ನೀವು ಬಂದು, ಇದ್ದು, ಹೊರಟು ಒಂದು ವಾರವಾದ ಮೇಲೆ. ಟಪಾಲಿಗಿಂತ ನೀವೇ ಬೇಗ.

ಅಂದು ನಾನು ಪಂಪಿನ ಗುಂಡಿಯೊಳಗೆ ಇದ್ದೆ. ನಿಮ್ಮ ದೇಶದವರೊಬ್ಬರು ರುಮಾಲು ಸುತ್ತಿಕೊಂಡು ಗೋಣಿಚೀಲದ ಮೇಲೆ ಕೂತಿದ್ದಾರೆ ಎಂದು ಕಾವಲುಗಾರ ಬಂದು ಹೇಳಿದ. ಕೆಂಚವೀರಪ್ಪನವರೇ ಎಂದು ಮೇಲೆ ಓಡಿ ಬಂದೆ. ಮುಖದ ತುಂಬ ಗ್ರೀಸು. ನೋಡಿದರೆ ನೀವು. ಕಾಲಿಗೆ ಬೀಳೋಣವೆಂದರೆ ನಿಮ್ಮ ಬಿಳಿ ಧೋತರಕ್ಕೆ ಮಸಿಯಾಗುತ್ತದೆಂದು ಅಲ್ಲೇ ನಿಂತೆ. “ಕೆಲ್ಸ ಮುಗಿಸ್ಕಂಡು ಬಾರಪ್ಪ, ಅವಸರಿಲ್ಲ” ಎಂದಿರಿ. ನೀವು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅದು ಸಿಟ್ಟೋ ಸಲಿಗೆಯೋ ಎಂದು ಸಂಜೆಯವರೆಗೆ ಯೋಚಿಸಿದೆ.

ನಾಲ್ಕು ದಿನ ಇದ್ದಿರಿ. ನಾನು ಕೆಲಸಕ್ಕೆ ಹೋದಾಗ ನೀವು ಬಾವಿಯ ನೀರು ಕುಡಿದು ನೋಡಿದಿರೆಂದು, ತರಕಾರಿ ಮಾರುವವಳೊಡನೆ ಮೂಲಂಗಿಯ ಬೆಲೆಗಾಗಿ ಜಗಳವಾಡಿದಿರೆಂದು, ಮನೆ ಯಜಮಾನಿಯ ಅಕ್ಕಿ ಡಬ್ಬಿಯಲ್ಲಿ ಕೈಹಾಕಿ ನುಚ್ಚು ಎಷ್ಟಿದೆ ಎಂದು ಕೇಳಿದಿರೆಂದು ಆಮೇಲೆ ತಿಳಿಯಿತು. ನೀವು ತಂದ ಮಂಡಕ್ಕಿ ಈ ಬೀದಿಯ ಮಕ್ಕಳೆಲ್ಲರ ಹೊಟ್ಟೆ ಸೇರಿದೆ. ಪಶುಪತಿಯ ಗುಡಿಯ ಹೊರಗೆ ನಿಂತು ಕೈಮುಗಿದಿರಿ. ಭಾತ್‌ಗಾಂವ್‌ನ ಮಠದಲ್ಲಿ ಮಾತ್ರ ಅರ್ಧ ದಿನ ಕೂತಿರಿ.

ಆದರೆ ಮದುವೆಯ ಮಾತನ್ನು ನೀವೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಸ್ಸು ಹೊರಡುವಾಗ “ಊರು ತಣ್ಣಗೈತೆ” ಎಂದಷ್ಟೇ ಹೇಳಿದಿರಿ. ಅದನ್ನು ಹೊಗಳಿಕೆ ಎಂದುಕೊಳ್ಳಬೇಕೋ ದೂರು ಎಂದುಕೊಳ್ಳಬೇಕೋ ತಿಳಿಯದು. ದೂರೇ ಇರಬೇಕು. ಇಲ್ಲಿ ಈಗ ನಿಜಕ್ಕೂ ಚಳಿ.

ಇನ್ನೊಂದು ವಿಷಯ. ನಿಮ್ಮ ಬೆಳ್ಳಿ ಕರಡಿಗೆ ನನ್ನ ದೇವರ ಗೂಡಿನಲ್ಲೇ ಉಳಿದಿದೆ. ಹೊರಡುವ ಗಡಿಬಿಡಿಯಲ್ಲಿ ಮರೆತಿರಬೇಕು. ಅದನ್ನು ಮುಟ್ಟದೆ ಹಾಗೇ ಮುಚ್ಚಿಟ್ಟಿದ್ದೇನೆ. ನಂಬಿಕಸ್ತರು ಊರ ಕಡೆ ಬಂದರೆ ಕಳಿಸುತ್ತೇನೆ. ನೀವು ಲಿಂಗವನ್ನು ಯಾವುದರಲ್ಲಿ ಧರಿಸಿ ಹೋದಿರೋ ಎಂಬುದೇ ಚಿಂತೆಯಾಗಿದೆ.

ಕರಿಬಸವರಾಜ

*

ದಾವಣಗೆರೆ,
೧೯ ನವೆಂಬರ್ ೧೯೬೩

ಚಿರಂಜೀವಿ ಕರಿಬಸವರಾಜನಿಗೆ ಬಕ್ಕೇಶಪ್ಪನ ಆಶೀರ್ವಾದ.

ಸುಖವಾಗಿ ಊರು ಸೇರಿದ್ದೇನೆ. ಬೆಟ್ಟ ಇಳಿಯುವಾಗ ನಿಂಬೆಹಣ್ಣು ಕೈಕೊಟ್ಟಿತು. ಅದೊಂದು ಬಿಟ್ಟರೆ ನಿನ್ನ ಎಲ್ಲ ಮಾತೂ ಸರಿಯಾಗಿತ್ತು.

ಕೆಂಚವೀರಪ್ಪನ ವಿಷಯ ಮೊದಲು ಮುಗಿಸುತ್ತೇನೆ. ಶಾಮನೂರಿನಲ್ಲಿ ಅವನಿರುವುದು ನಿಜ. ಆದರೆ ಪಕ್ಕದೂರು ಆನೆಕೊಂಡ ದಾಟಿದರೆ ನಿದ್ದೆ ಬರುವುದಿಲ್ಲ ಎನ್ನುವ ಮನುಷ್ಯ. ಕಾಶಿಯ ಮಾತು ಅವನಿಗೆ ಗೊತ್ತೇ ಇಲ್ಲ. ಹೋಗಬೇಕಾದವನು ಮೊದಲಿನಿಂದಲೂ ನಾನೇ. ನಾವು ಹತ್ತಿಯವರು ಅಂಡಿಗೆಯ ಚೀಲದ ಮೇಲಿನ ಹತ್ತಿ ನೋಡಿ ದರ ಹೇಳುವುದಿಲ್ಲ. ಮೇಲೆ ಬಿಳಿಯದನ್ನೇ ತುಂಬಿರುತ್ತಾರೆ. ಹೇಳದೆ ಹೋಗಿ ನಡುವಿನಿಂದ ಒಂದು ಹಿಡಿ ಎಳೆದು ನೋಡುತ್ತೇವೆ. ಊರಿನಿಂದಲೇ ಬರುತ್ತೇನೆಂದು ತಿಳಿಸಿದ್ದರೆ ನೀನು ಮುಖ ತೊಳೆದು ನಿಂತಿರುತ್ತಿದ್ದೆ. ರಕ್ಸೌಲಿನ ಕಾರ್ಡು ನನ್ನ ಹಿಂದೆ ಬರುತ್ತದೆಂದು ಗೊತ್ತಿದ್ದೇ ಹಾಕಿದೆ.

ಈಗ ಕರಡಿಗೆಯ ಮಾತು. ಅಲ್ಲಿ ನಿನ್ನ ಮುಂದೆ ಹೇಳಲು ಸಂಕೋಚವಾಯಿತು. ನಿನ್ನ ಆಗಸ್ಟ್ ಪತ್ರ ಓದಿದ ದಿನವೇ ತಪ್ಪು ತಿಳಿದೆ ಎಂದು ಬರೆಯಲು ಕೂತೆ, ಬರೆಯಲಾಗಲಿಲ್ಲ. ಹೋಗಿಯೇ ಹೇಳೋಣವೆಂದು ಸುಮ್ಮನಾದೆ. ಆದರೂ ಹಟ ಹೋಗಲಿಲ್ಲ. ಐವತ್ತಾರು ವರ್ಷದವನ ಕೊರಳಿಗೆ ಯಾರು ಕೈಹಾಕುತ್ತಾರೋ ನೋಡಿಯೇ ಬಿಡೋಣ ಎಂದು ಕರಡಿಗೆ ಧರಿಸಿಯೇ ಹೊರಟೆ.

ಗಡಿಯ ಕಟ್ಟೆಯಲ್ಲಿ ತಡೆದರು. ಬೆಳ್ಳಿ ಏನು, ಒಳಗೇನು, ತೆಗೆ ಎಂದರು. ಹತ್ತಿ ಪೇಟೆಯಲ್ಲಿ ಜಮಾಲುದ್ದೀನ್ ಸಾಹೇಬರ ಜೊತೆ ವ್ಯಾಪಾರ ಮಾಡುತ್ತಾ ಕಲಿತ ಉರ್ದು ಇದ್ದುದರಿಂದ ಮಾತಿಗೆ ಕೊರತೆಯಾಗಲಿಲ್ಲ. ನಮ್ಮ ದೇವರು ಇನ್ನೊಬ್ಬರ ಕೈಗೆ ಹೋಗುವಂತಿಲ್ಲ ಎಂದೆ. ತೆಗೆಯದೆ ಬಿಡುವಂತಿಲ್ಲ ಎಂದ ಅವರ ಅಧಿಕಾರಿ. ಅವನ ಮಾತೂ ನ್ಯಾಯವೇ. ನನ್ನ ಹಿಂದೆ ಸಾಲು ಬೆಳೆಯಿತು. ಆ ಹೊತ್ತಿಗೆ ಅವನ ಕೈ ನನ್ನ ಕರಡಿಗೆಯ ಹತ್ತಿರಕ್ಕೆ ಬರತೊಡಗಿತ್ತು. ನೀನು ಬರೆದಿದ್ದ ಎಲೆಯಡಿಕೆ ಡಬ್ಬಿ ನನ್ನ ಕಣ್ಣಮುಂದೆ ಬಂತು. ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು.

ಆಗ ನೆನಪಾದದ್ದು, ಅಂದಿನ ಪೂಜೆ ನನ್ನದಿನ್ನೂ ಆಗಿರಲಿಲ್ಲ. “ಸಾಹೇಬ್ರೆ, ತೆಗೀತೀನಿ. ಆದ್ರ ನಾನೇ ತೆಗೀತೀನಿ. ನೀವು ಮುಂದ ಕೂತು ನೋಡ್ರಿ” ಎಂದು ನನ್ನ ಉರ್ದುವಿನಲ್ಲಿ ಹೇಳಿದೆ. ಅಲ್ಲಿದ್ದ ಬೋರಿಂಗಿನಲ್ಲಿ ಸ್ನಾನ ಮಾಡಿದೆ. ಮಡಿ ಉಟ್ಟು, ಅವರ ಮೇಜಿನ ಪಕ್ಕ ನೆಲದ ಮೇಲೆ ಕಂಬಳಿ ಹಾಸಿ ಕೂತೆ. ವಿಭೂತಿ ಧರಿಸಿ, ಕರಡಿಗೆ ತೆಗೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಮನೆಯಲ್ಲಿ ಮಾಡುವಂತೆಯೇ ಪೂಜೆ ಮಾಡಿದೆ. ಅವಸರ ಮಾಡಲಿಲ್ಲ. ಖಾಲಿ ಕರಡಿಗೆ ಅವರಿಗೆ ಕಾಣುವಂತೆ ಬಾಯಿ ತೆರೆದು ಪಕ್ಕದಲ್ಲೇ ಇತ್ತು. ಗಲಾಟೆ ಮಾಡುತ್ತಿದ್ದ ಸಾಲಿನಿಂದ ಒಬ್ಬ ಮುದುಕಿ ಬಂದು ನನ್ನ ಕಂಬಳಿಯ ಅಂಚಿನಲ್ಲಿ ಹೂವಿಟ್ಟಳು. ನಾನು ಕಣ್ಣು ತೆರೆದಾಗ ಆ ಅಧಿಕಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಇಷ್ಟು ಚಿಕ್ಕ ದೇವರಿಗೆ ಇಷ್ಟು ದೊಡ್ಡ ಬೆಳ್ಳಿಯ ಮನೆಯೇ ಎಂದು ನಗುತ್ತಾ ಕೇಳಿದ. ಮನೆ ನನ್ನ ಅಪ್ಪ ಕಟ್ಟಿಸಿದ್ದು, ದೇವರು ಕೇಳಿರಲಿಲ್ಲ ಎಂದೆ. ಹೋಗಿ ಎಂದ.

ಅವನು ಒಳ್ಳೆಯವನಾದ್ದರಿಂದ ನನಗೆ ನಡೆಯಿತು. ಇನ್ನೊಬ್ಬನಾಗಿದ್ದರೆ ನಿನಗಾದದ್ದೇ ಆಗುತ್ತಿತ್ತು. ಆದ್ದರಿಂದ ಬರುವಾಗ ನೀನು ಹೇಳಿದಂತೆ ಬಟ್ಟೆಯಲ್ಲಿ ಕಟ್ಟಿ ಧರಿಸಿ ಬಂದೆ. ಯಾರೂ ತಡೆಯಲಿಲ್ಲ.

ನೀನು ಬಹಳ ಓದಿದವನು. ಆದರೆ ಲಿಂಗವಂತ ಎಲ್ಲಾದರೂ ಕರಡಿಗೆ ಮರೆಯುತ್ತಾನೆಯೇ? ದ್ರಾಕ್ಷಾಯಣಮ್ಮನಿಗೆ ನಿನ್ನ ಪತ್ರ ಓದಿ ಹೇಳಿದರೆ, “ಅಯ್ಯೋ, ಅಳಿಯಗ ಕೊಟ್ಟದ್ದನ್ನ ವಾಪಸ್ ಕಳಸ್ತಾನಂತ” ಎಂದು ತಲೆ ಚಚ್ಚಿಕೊಂಡರು. ನಿನ್ನ ಗೂಡಿನಲ್ಲಿ ಬತ್ತಿಯ ಮಸಿ ದಿನವೂ ಒರೆಸಿದ ಗುರುತಿತ್ತು. ಯಾರೂ ನೋಡದ ಕಡೆ ಒರೆಸುವವನು ಎಂದು ಅಲ್ಲೇ ಇಟ್ಟು ಬಂದೆ.

ನನ್ನ ಒಪ್ಪಿಗೆ ಅಷ್ಟು. ಇನ್ನು ಮಗಳದ್ದು. ನಾನು ಬಂದ ದಿನದಿಂದ ಅಲ್ಲಿ ಹೆಂಗೈತೆ ಇಲ್ಲಿ ಹೆಂಗೈತೆ ಎಂದು ನನ್ನನ್ನು ಕೂರಿಸಿಕೊಂಡು ಕೇಳುತ್ತಾಳೆ. ಗಂಡಸು ನೋಡುವುದನ್ನು ನಾನು ನೋಡಿ ಬಂದಿದ್ದೇನೆ, ಉಳಿದದ್ದು ನೀನೇ ಕೇಳಿಕೋ ಎಂದಿದ್ದೇನೆ. ಅವಳ ಪತ್ರ ಬೇರೆ ಬರುತ್ತದೆ. ಅದನ್ನು ನಾನು ಓದುವುದಿಲ್ಲ.

ಬಕ್ಕೇಶಪ್ಪ

*

ದಾವಣಗೆರೆ,
೨೧ ನವೆಂಬರ್ ೧೯೬೩

ಕರಿಬಸವರಾಜ ಅವರಿಗೆ,

ನಿಮಗೆ ಮೊದಲ ಸಲ ಬರೆಯುತ್ತಿದ್ದೇನೆ. ಹೇಗೆ ಸಂಬೋಧಿಸಬೇಕೆಂದು ಅವ್ವನನ್ನು ಕೇಳಿದರೆ ನಕ್ಕು ಒಳಗೆ ಹೋದರು. ಆದ್ದರಿಂದ ಹೆಸರು ಬರೆದಿದ್ದೇನೆ.

ಅಪ್ಪ ನಾಲ್ಕು ದಿನ ಇದ್ದು ಬಂದು ಹೇಳಿದ್ದು ನೀರು, ಅಕ್ಕಿ, ಮೂಲಂಗಿ. ನನಗೆ ಬೇಕಾದದ್ದು ಅವರಿಗೆ ಕಾಣಲಿಲ್ಲ. ನಿಮ್ಮ ಬೀದಿಯಲ್ಲಿ ಹೆಂಗಸರು ಒಬ್ಬೊಬ್ಬರೇ ಪೇಟೆಗೆ ಹೋಗುತ್ತಾರೆಯೇ? ಅವರ ಭಾಷೆ ಕಲಿಯಲು ಕಷ್ಟವೇ? ನಾನು ಇಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡು ವರ್ಷದಿಂದ ಲೆಕ್ಕ ಕಲಿಸುತ್ತಿದ್ದೇನೆ. ಅದನ್ನು ನಿಮ್ಮ ತಾಯಿಯವರಿಗೆ ಹೇಳಿದ್ದೆವು, ನಿಮಗೆ ತಲುಪಿತೋ ಇಲ್ಲವೋ. ಅಲ್ಲಿ ಅಂಥ ಕೆಲಸ ಸಿಗುತ್ತದೆಯೇ? ಸಿಗದಿದ್ದರೆ ಮನೆಯಲ್ಲೇ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಕಲಿಸಲು ನಿಮ್ಮ ಅಡ್ಡಿ ಇದೆಯೇ? ಅಂಕಿಗಳಿಗೆ ಭಾಷೆ ಹೆಚ್ಚು ಬೇಕಾಗುವುದಿಲ್ಲ.

ಮೇ ತಿಂಗಳಲ್ಲಿ ನೀವು ನನ್ನನ್ನು ಒಂದೇ ಪ್ರಶ್ನೆ ಕೇಳಿದಿರಿ, ಚಳಿ ತಡೆಯುತ್ತೀರಾ ಎಂದು. ಎಲ್ಲರೂ ಇದ್ದರೆಂದು ನಾನು ತಲೆ ಅಲ್ಲಾಡಿಸಿದೆ. ನೀವು ಅದನ್ನು ಇಲ್ಲ ಎಂದು ತಿಳಿದಂತೆ ಕಂಡಿತು. ತಡೆಯುತ್ತೇನೆ.

ಇದಕ್ಕೆ ಉತ್ತರ ಬರೆಯಲು ಕೂರುವ ಮೊದಲು ನಿಮ್ಮ ಕಚೇರಿಯ ಕೆಲಸ ಮುಗಿಸಿಬಿಡಿ. ಡಿಸೆಂಬರ್ ಕೊನೆಯವರೆಗೆ ಕಾಯಬೇಡಿ, ಒಳ್ಳೆಯ ಮನೆಗಳು ಬೇರೆಯವರ ಪಾಲಾಗುತ್ತವೆ. ವಸತಿ ಬೇಕು ಎಂದು ಬರೆದುಕೊಡಿ. ಬಿಸಿಲು ಬೀಳುವ ಮನೆಯನ್ನೇ ಕೇಳಿ. ಅಪ್ಪ ನೋಡಿ ಹೋಗಲು ಬಂದಿದ್ದರು. ನಾನು ಇರಲು ಬರುತ್ತೇನೆ.

ಶಾಂತಕುಮಾರಿ